ಚಪಾತಿ ಬಿಡುವ ಮುನ್ನ ಒಂದು ರಕ್ತಪರೀಕ್ಷೆ

2025ರ ಕೊನೆಯಲ್ಲಿ ‘ದಿ ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ವಿಮರ್ಶಾ ಲೇಖನ ಬಂತು. ಗೋಧಿಯಲ್ಲಿರುವ ಗ್ಲುಟನ್ ಎಂಬ ಪ್ರೋಟೀನು ಅಥವಾ ಗೋಧಿಯೇ ತಮಗೆ ಒಗ್ಗುವುದಿಲ್ಲ ಎಂದು ಹೇಳಿಕೊಳ್ಳುವವರು ಜಗತ್ತಿನಲ್ಲಿ ಸುಮಾರು ಶೇ 10ರಷ್ಟಿದ್ದಾರೆ, ಆದರೆ ಗ್ಲುಟನ್‌ನಿಂದ ಕರುಳು ಸವೆಯುವ ಸೀಲಿಯಾಕ್ ಕಾಯಿಲೆ ಇಲ್ಲದವರಲ್ಲಿ ಬಹುಪಾಲು ಜನರ ತೊಂದರೆಗೆ ಗ್ಲುಟನ್ ಕಾರಣವಲ್ಲ ಎಂಬುದು ಅದರ ತಿರುಳು. ಲೇಖನ ಸುದ್ದಿಯಾಗಿ ಮೊಬೈಲಿಗೆ ಬಂದು ತಲುಪುವಷ್ಟರಲ್ಲಿ ‘ಸೀಲಿಯಾಕ್ ಇಲ್ಲದವರಲ್ಲಿ’ ಎಂಬ ಮಾತು ಉದುರಿಹೋಗಿ, ‘ಗ್ಲುಟನ್ ಭಯವೇ ಸುಳ್ಳು’ ಎಂಬಷ್ಟು ಉಳಿಯಿತು. ಇತ್ತ ಬೆಂಗಳೂರಿನ ಸೂಪರ್ ಮಾರ್ಕೆಟ್ಟುಗಳಲ್ಲಿ ‘ಗ್ಲುಟನ್ ಫ್ರೀ’ ಎಂದು ಬರೆದ ಹಿಟ್ಟು, ಬಿಸ್ಕತ್ತು, ಪಾಸ್ತಾ ಪೊಟ್ಟಣಗಳಿಗೆ ಪ್ರತ್ಯೇಕ ಸಾಲೇ ಇದೆ. ರಾತ್ರಿ ಚಪಾತಿ ತಿಂದು ಹೊಟ್ಟೆ ಉಬ್ಬರಿಸಿಕೊಂಡು ಕೂತವರು ಯಾರ ಮಾತು ಕೇಳಬೇಕು?

ಪತ್ರಿಕೆ ಹೇಳಿದ್ದೂ ಸುಳ್ಳಲ್ಲ, ಗ್ಲುಟನ್ ಮುಟ್ಟಲೇಬಾರದ ಜನ ಇದ್ದಾರೆ ಎಂಬುದೂ ಸುಳ್ಳಲ್ಲ. ಎರಡೂ ಬೇರೆ ಬೇರೆ ಜನರ ಕುರಿತ ಮಾತು. ನೀವು ಯಾವ ಗುಂಪಿನವರು ಎಂಬುದರ ಮೇಲೆ ಅಡುಗೆಮನೆಯಲ್ಲಿ ಚಪಾತಿ ಮಾತ್ರ ನಿಲ್ಲಬೇಕೋ, ಇಂಗಿನ ಡಬ್ಬಿಯೂ ಹಿಟ್ಟಿನ ಗಿರಣಿಯೂ ಬದಲಾಗಬೇಕೋ ಎನ್ನುವುದು ನಿಂತಿದೆ. ಅದನ್ನು ತಿಳಿಯುವ ದಾರಿ ಒಂದೇ, ಮತ್ತು ಆ ದಾರಿಯನ್ನು ಬೆಂಗಳೂರಿಗರು ತಮಗೇ ಗೊತ್ತಿಲ್ಲದೆ ಮುಚ್ಚಿಕೊಳ್ಳುವುದು ಬಲು ಸುಲಭ.

ಒಂದೇ ದೂರು, ಮೂರು ತೊಂದರೆ

ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿರುವ ಪ್ರೋಟೀನುಗಳ ಒಂದು ಗುಂಪೇ ಗ್ಲುಟನ್. ಹಿಟ್ಟಿಗೆ ನೀರು ಹಾಕಿ ನಾದಿದಾಗ ಬರುವ ಜಿಗಿ, ಎಳೆದರೆ ಹರಿಯದೆ ಹಿಗ್ಗುವ ಗುಣ ಇದರದ್ದು. ಮನುಷ್ಯನ ಜೀರ್ಣರಸ ಇದನ್ನು ಪೂರ್ತಿ ಒಡೆಯಲಾರದು. ಒಡೆಯದೆ ಉಳಿದ ತುಣುಕುಗಳು ಹೆಚ್ಚಿನವರಲ್ಲಿ ಯಾವ ಉಪದ್ರವವನ್ನೂ ಕೊಡದೆ ಹೊರಗೆ ಹೋಗುತ್ತವೆ.

ಕೆಲವರಲ್ಲಿ ಹಾಗಾಗುವುದಿಲ್ಲ. ದೇಹದ ರಕ್ಷಣಾ ವ್ಯವಸ್ಥೆ ಆ ತುಣುಕುಗಳನ್ನು ಶತ್ರುವೆಂದು ಭಾವಿಸಿ ತನ್ನದೇ ಸಣ್ಣ ಕರುಳಿನ ಒಳಪದರದ ಮೇಲೆ ತಿರುಗಿ ಬೀಳುತ್ತದೆ. ಆಹಾರದ ಸತ್ವ ಹೀರಬೇಕಾದ ಕೂದಲಿನಂಥ ಚಾಚುಗಳು ಸವೆದು ಚಪ್ಪಟೆಯಾಗುತ್ತವೆ. ಇದು ಸೀಲಿಯಾಕ್ ಕಾಯಿಲೆ. ಹುಟ್ಟಿನಿಂದ ಬರುವ ಎಚ್‌ಎಲ್‌ಎ ಡಿಕ್ಯೂ2 ಅಥವಾ ಡಿಕ್ಯೂ8 ಎಂಬ ವಂಶವಾಹಿ ಇದ್ದವರಲ್ಲಿ ಮಾತ್ರ ಇದು ಕಾಣಿಸಿಕೊಳ್ಳುತ್ತದೆ. ಆ ವಂಶವಾಹಿ ಹೊತ್ತವರಲ್ಲಿ ಹೆಚ್ಚಿನವರಿಗೆ ಜೀವಮಾನದಲ್ಲೂ ಕಾಯಿಲೆ ಬರುವುದಿಲ್ಲ ಎನ್ನುವುದು ಬೇರೆ ಮಾತು. ಎರಡನೇ ಮಹಾಯುದ್ಧದ ಕೊನೆಯಲ್ಲಿ, 1944–45ರ ಚಳಿಗಾಲದಲ್ಲಿ ನೆದರ್ಲೆಂಡ್ಸಿನಲ್ಲಿ ಬ್ರೆಡ್ಡಿಗೂ ಗತಿಯಿರಲಿಲ್ಲ. ಆಗ ಈ ಕಾಯಿಲೆಯ ಮಕ್ಕಳು ಚೇತರಿಸಿಕೊಂಡದ್ದು, ಬ್ರೆಡ್ ಮರಳಿದ ಮೇಲೆ ಮತ್ತೆ ಸೊರಗಿದ್ದು ಮಕ್ಕಳ ವೈದ್ಯ ವಿಲೆಮ್ ಡಿಕ್ ಅವರಿಗೆ ಮೊದಲೇ ಇದ್ದ ಗುಮಾನಿಯನ್ನು ಗಟ್ಟಿ ಮಾಡಿತು. ಗೋಧಿಯ ಮೇಲಿನ ಆರೋಪ ಸಾಬೀತಾದದ್ದು ಹೀಗೆ.

ಸೀಲಿಯಾಕ್ ಎಂದರೆ ಭೇದಿ, ಹೊಟ್ಟೆನೋವು ಎಂದಷ್ಟೇ ತಿಳಿದವರು ಹೆಚ್ಚು. ದೊಡ್ಡವರಲ್ಲಿ ಅದು ಹೊಟ್ಟೆಯ ದೂರೇ ಇಲ್ಲದೆಯೂ ಬರಬಹುದು: ಎಷ್ಟು ಮಾತ್ರೆ ನುಂಗಿದರೂ ಏರದ ಕಬ್ಬಿಣಾಂಶ, ಟೊಳ್ಳಾಗುವ ಮೂಳೆ, ಬಸಿರು ನಿಲ್ಲದಿರುವುದು; ಮಕ್ಕಳಲ್ಲಿ ಬೆಳವಣಿಗೆಯೇ ಕುಂಠಿತವಾಗುವುದು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ ಕರ್ನಾಟಕದ ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇತ್ತು. ಇಷ್ಟು ಸಾಮಾನ್ಯವಾದ ಲಕ್ಷಣದ ಹಿಂದೆ ಇಷ್ಟು ಅಪರೂಪದ ಕಾರಣ ಇರಬಹುದೆಂದು ಯಾರಿಗೆ ಹೊಳೆಯಬೇಕು? ವರ್ಷಗಟ್ಟಲೆ ಕಬ್ಬಿಣದ ಮಾತ್ರೆ ನಡೆಯುತ್ತಿರುತ್ತದೆ, ಜೊತೆಗೆ ನಮ್ಮೂರಿನ ರೂಢಿಯಂತೆ ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ‘ಗ್ಯಾಸ್ಟ್ರಿಕ್’ ಮಾತ್ರೆ.

ಎರಡನೆಯದು ಗೋಧಿಯ ಅಲರ್ಜಿ. ತಿಂದ ಕೆಲ ನಿಮಿಷಗಳಲ್ಲೋ ಒಂದೆರಡು ತಾಸಿನಲ್ಲೋ ಮೈಮೇಲೆ ಗಂಧೆ, ತುಟಿ ಊತ, ಕೆಲವೊಮ್ಮೆ ಜೀವಕ್ಕೆ ಸಂಚಕಾರ ತರುವ ಉಸಿರಾಟದ ತೊಂದರೆ. ಇದು ಅಲರ್ಜಿ ತಜ್ಞರ ವಿಷಯ, ಇಲ್ಲಿಗೆ ಬಿಡೋಣ. ಮೂರನೆಯದೇ ಸುದ್ದಿಯಲ್ಲಿರುವುದು. ರಕ್ತದಲ್ಲಿ ಸೀಲಿಯಾಕ್ ಸುಳಿವಿಲ್ಲ, ಕರುಳು ಸವೆದಿಲ್ಲ, ಅಲರ್ಜಿಯೂ ಅಲ್ಲ, ಆದರೂ ಗೋಧಿ ತಿಂದರೆ ಉಬ್ಬರ, ಸುಸ್ತು, ತಲೆ ಮಂಕು. ಇದಕ್ಕೆ ಖಚಿತ ಪರೀಕ್ಷೆ ಎಂಬುದು ಇಲ್ಲ. ಉಳಿದೆರಡನ್ನೂ ತಳ್ಳಿಹಾಕಿದ ಮೇಲೆ ಉಳಿಯುವ ಹೆಸರು ಅಷ್ಟೆ.

ಕಳ್ಳ ಗ್ಲುಟನ್ನೇ, ಪಕ್ಕದವನೇ?

ಈ ಮೂರನೇ ಗುಂಪಿನ ಬಗ್ಗೆ ವಿಜ್ಞಾನಿಗಳು ಹದಿನೈದು ವರ್ಷಗಳಿಂದ ಜಗಳವಾಡುತ್ತಿದ್ದಾರೆ. ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದ ತಂಡ 2011ರಲ್ಲಿ ನಡೆಸಿದ ಸಣ್ಣ ಪ್ರಯೋಗ, ಸೀಲಿಯಾಕ್ ಇಲ್ಲದವರಿಗೂ ಗ್ಲುಟನ್ ತೊಂದರೆ ಕೊಡುತ್ತದೆ ಎಂದಿತು. ಗ್ಲುಟನ್ ಬಿಡುವ ಅಲೆ ಏಳುವುದಕ್ಕೆ ಇದೂ ಒಂದು ಆಧಾರವಾಯಿತು. ಟೆನಿಸ್ ಆಟಗಾರ ಜೊಕೊವಿಚ್ ಗೋಧಿ ಬಿಟ್ಟು ಗೆದ್ದರೆಂಬ ಸುದ್ದಿಯೂ ಅದೇ ಕಾಲದ್ದು. ವಿಶೇಷವೆಂದರೆ ಅದೇ ಮೊನಾಶ್ ತಂಡ 2013ರಲ್ಲಿ ಇನ್ನಷ್ಟು ಬಿಗಿಯಾಗಿ ಪರೀಕ್ಷಿಸಿ ತನ್ನ ಮಾತನ್ನು ತಾನೇ ತಿದ್ದಿಕೊಂಡಿತು. ಕರುಳಿನಲ್ಲಿ ಹುದುಗಿ ಗಾಳಿ ಹುಟ್ಟಿಸುವ ಕೆಲವು ಬಗೆಯ ಸಕ್ಕರೆ ಅಂಶಗಳನ್ನು ಮೊದಲೇ ಊಟದಿಂದ ತೆಗೆದುಬಿಟ್ಟರೆ, ಆಮೇಲೆ ಗ್ಲುಟನ್ ಕೊಟ್ಟರೂ ಕೊಡದಿದ್ದರೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

2018ರಲ್ಲಿ ನಾರ್ವೆಯ ಸಂಶೋಧಕರು 59 ಜನರಿಗೆ ಗ್ಲುಟನ್, ಫ್ರಕ್ಟಾನ್ ಮತ್ತು ಎರಡೂ ಇಲ್ಲದ ತಿಂಡಿಯನ್ನು ಯಾವುದೆಂದು ಹೇಳದೆ ಸರದಿಯಲ್ಲಿ ಕೊಟ್ಟು ನೋಡಿದರು. ಹೆಚ್ಚು ತೊಂದರೆ ಕೊಟ್ಟದ್ದು ಫ್ರಕ್ಟಾನ್. ಇದು ಗೋಧಿಯಲ್ಲೇ ಗ್ಲುಟನ್ ಜೊತೆಗಿರುವ, ಮೇಲೆ ಹೇಳಿದಂಥ ಗಾಳಿ ಹುಟ್ಟಿಸುವ ಒಂದು ಸಕ್ಕರೆ ಅಂಶ. ಈರುಳ್ಳಿ, ಬೆಳ್ಳುಳ್ಳಿಯಲ್ಲೂ ಧಾರಾಳವಾಗಿದೆ. ಇದರ ಜೊತೆ, ‘ಇದು ತಿಂದರೆ ಆಗುವುದಿಲ್ಲ’ ಎಂಬ ಅಂಜಿಕೆಯೇ ನಿಜವಾದ ಹೊಟ್ಟೆನೋವನ್ನು ತರಬಲ್ಲದು ಎಂಬುದೂ ಇಂಥ ಪ್ರಯೋಗಗಳಲ್ಲಿ ಮತ್ತೆ ಮತ್ತೆ ಕಂಡಿದೆ. ನೋವು ನಾಟಕ ಎಂದು ಇದರ ಅರ್ಥವಲ್ಲ. ಕರುಳಿಗೂ ಮಿದುಳಿಗೂ ಇರುವ ನರಗಳ ನಂಟು ಅಷ್ಟು ಬಲವಾದದ್ದು.

ಇನ್ನೊಂದು ಪಕ್ಷವೂ ಸುಮ್ಮನೆ ಕೂತಿಲ್ಲ. ಗೋಧಿಯಲ್ಲಿ ಎಟಿಐ ಎಂಬ ಬೇರೆ ಪ್ರೋಟೀನುಗಳಿವೆ, ಅವು ಉರಿಯೂತ ಕೆರಳಿಸಬಹುದು ಎನ್ನುವ ವಾದ ಇದೆ. ಗ್ಲುಟನ್‌ಗೇ ಸ್ಪಂದಿಸುವ ಒಂದು ಸಣ್ಣ ಗುಂಪು ಈ ರಾಶಿಯಲ್ಲಿ ಅಡಗಿದೆ ಎನ್ನುವವರೂ ಇದ್ದಾರೆ. ಲ್ಯಾನ್ಸೆಟ್ ಲೇಖನವೂ ಆ ಬಾಗಿಲನ್ನು ಪೂರ್ತಿ ಮುಚ್ಚಿಲ್ಲ. ಈಗಿನ ಗೋಧಿ ತಳಿಗಳಲ್ಲೇ ಗ್ಲುಟನ್ ಮಿತಿಮೀರಿದೆ ಎಂಬ ಜನಪ್ರಿಯ ಮಾತಿಗೆ ಮಾತ್ರ ಗಟ್ಟಿ ಆಧಾರ ಸಿಕ್ಕಿಲ್ಲ. ಇದೇ ಮಾತಿನ ಬೆನ್ನೇರಿ ಬೆಂಗಳೂರಿನ ಸಾವಯವ ಅಂಗಡಿಗಳಿಗೆ ಖಪ್ಲಿ ಗೋಧಿ ಬಂದಿದೆ. ಬೆಳಗಾವಿ, ವಿಜಯಪುರ ಕಡೆಯ ಹಳೆಯ ಬೆಳೆ, ರುಚಿಯಲ್ಲಿ ಎರಡು ಮಾತಿಲ್ಲ. ಆದರೆ ಅದೂ ಗೋಧಿಯೇ, ಅದರಲ್ಲೂ ಗ್ಲುಟನ್ ಇದೆ. ಸೀಲಿಯಾಕ್ ಇದ್ದವರು ಅದನ್ನು ತಿನ್ನುವಂತಿಲ್ಲ.

ಫ್ರಕ್ಟಾನ್ ವಾದ ನಿಜವಾದರೆ ನಮ್ಮ ಊಟಕ್ಕೆ ಅದರಿಂದ ಒಂದು ನೇರ ಪರಿಣಾಮವಿದೆ. ಚಪಾತಿ ಬಿಟ್ಟು, ಬೆಳ್ಳುಳ್ಳಿ ಒಗ್ಗರಣೆಯ ಬಸ್ಸಾರಿನಲ್ಲಿ ಮುದ್ದೆ ಮುಳುಗಿಸಿ ತಿಂದವರಿಗೆ ಉಬ್ಬರ ಇಳಿಯದಿರಬಹುದು. ಬೇಳೆಕಾಳುಗಳಲ್ಲೂ ಗಾಳಿ ಮಾಡುವ ಇಂಥದೇ ಅಂಶಗಳಿವೆ. ದಕ್ಷಿಣದವರಲ್ಲಿ ಹಾಲಿನ ಸಕ್ಕರೆ ಜೀರ್ಣವಾಗದವರು ಉತ್ತರದವರಿಗಿಂತ ಹೆಚ್ಚು ಎಂಬುದು ಹಳೆಯ ಸಂಗತಿ. ದಿನಕ್ಕೆ ನಾಲ್ಕು ಲೋಟ ಕಾಫಿಯ ಹಾಲನ್ನು ಬಿಟ್ಟು ಒಂದು ಚಪಾತಿಯ ಮೇಲೆ ಅಪವಾದ ಹೊರಿಸುವುದೂ ಉಂಟು.

ದಕ್ಷಿಣದಲ್ಲಿ ಕಡಿಮೆ, ಏಕೆ?

ದೇಶದ ಮೂರು ಭಾಗಗಳಲ್ಲಿ 23,000ಕ್ಕೂ ಹೆಚ್ಚು ವಯಸ್ಕರನ್ನು ಪರೀಕ್ಷಿಸಿದ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. ರಕ್ತದಲ್ಲಿ ಸೀಲಿಯಾಕ್ ಸುಳಿವು ಕಂಡವರ ಪ್ರಮಾಣ ಉತ್ತರದಲ್ಲಿ ಶೇ 1.23, ಈಶಾನ್ಯದಲ್ಲಿ ಶೇ 0.87, ದಕ್ಷಿಣದಲ್ಲಿ ಶೇ 0.10. ಅಂದರೆ ನಮ್ಮಲ್ಲಿ ಸಾವಿರಕ್ಕೆ ಒಬ್ಬರು. ಸಂಬಂಧಪಟ್ಟ ವಂಶವಾಹಿ ಮೂರೂ ಕಡೆ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿತ್ತು. ದಿನಕ್ಕೆ ತಿನ್ನುವ ಗೋಧಿ ಮಾತ್ರ ಉತ್ತರದಲ್ಲಿ 455 ಗ್ರಾಂ, ಈಶಾನ್ಯದಲ್ಲಿ 37, ದಕ್ಷಿಣದಲ್ಲಿ 25.

‘ಗೋಧಿ ಕಡಿಮೆ ತಿನ್ನುತ್ತೇವೆ, ಅದಕ್ಕೇ ಕಾಯಿಲೆ ಕಡಿಮೆ’ ಎಂದು ತೀರ್ಪು ಕೊಡುವ ಮುನ್ನ ಈಶಾನ್ಯದ ಅಂಕಿಯನ್ನು ಇನ್ನೊಮ್ಮೆ ನೋಡಬೇಕು. ಅಲ್ಲಿಯೂ ಹೆಚ್ಚುಕಡಿಮೆ ನಮ್ಮಷ್ಟೇ ಗೋಧಿ, ಸುಳಿವು ಕಂಡವರು ಮಾತ್ರ ಎಂಟು ಒಂಬತ್ತು ಪಟ್ಟು. ಹಾಗಾಗಿ ಗೋಧಿಯ ಪ್ರಮಾಣ ಒಂದು ಕಾರಣ ಇರಬಹುದೇ ಹೊರತು ಅದೇ ಪೂರ್ತಿ ಕಾರಣವಲ್ಲ.

ಆದರೂ ಬೆಂಗಳೂರಿನ ತಟ್ಟೆ ಬದಲಾಗಿರುವುದು ಕಣ್ಣಿಗೆ ಕಾಣುವ ಸಂಗತಿ. ಎರಡನೇ ಮಹಾಯುದ್ಧದ ದಿನಗಳಲ್ಲಿ ಅಕ್ಕಿಗೆ ಬರ ಬಂದಾಗ ರವೆ ಇಡ್ಲಿ ಹುಟ್ಟಿತು ಎಂದು ಎಂ.ಟಿ.ಆರ್. ಹೇಳಿಕೊಳ್ಳುತ್ತದೆ. 1954ರಲ್ಲಿ ಶುರುವಾದ ಪಿಎಲ್-480 ವ್ಯವಸ್ಥೆಯಡಿ ಅಮೆರಿಕದ ಗೋಧಿ ಹಡಗುಗಟ್ಟಲೆ ಬಂತು. ಆಮೇಲೆ ಹಸಿರು ಕ್ರಾಂತಿ. ಅದಾದ ಮೇಲೆ ಸಕ್ಕರೆ ಕಾಯಿಲೆ: ‘ಅನ್ನ ಬಿಡಿ, ರಾತ್ರಿಗೆ ಎರಡು ಚಪಾತಿ ಸಾಕು’ ಎಂಬ ಸಲಹೆ ಮುದ್ದೆ ಉಣ್ಣುತ್ತಿದ್ದ ಮನೆಗಳಿಗೂ ಗೋಧಿಹಿಟ್ಟಿನ ಪೊಟ್ಟಣ ತಂದಿತು. ನೂಡಲ್ಸ್, ಪರೋಟ, ಪಿಜ್ಜಾದ ಕಥೆ ಹೇಳಬೇಕಿಲ್ಲ. ಇದರ ಜೊತೆಗೆ ಉತ್ತರ ಭಾರತದಿಂದ ಬಂದು ನೆಲೆಸಿದವರ ಸಂಖ್ಯೆಯೂ ಸೇರಿದರೆ, ಸಾವಿರಕ್ಕೆ ಒಂದು ಎಂಬ ಲೆಕ್ಕ ಇವತ್ತಿನ ಬೆಂಗಳೂರಿಗೆ ಹಾಗೇ ಹೊಂದುತ್ತದೆ ಎನ್ನಲಾಗದು.

ಮೊದಲೇ ಬಿಟ್ಟರೆ ಆಗುವ ನಷ್ಟ

ದಿಲ್ಲಿಯ ಮನೆಯೊಂದರಲ್ಲಿ ಗೋಧಿ ಬಿಡಬೇಕೆಂದರೆ ಮೂರು ಹೊತ್ತಿನ ಊಟವೂ ತಲೆಕೆಳಗಾಗಬೇಕು. ಅಷ್ಟು ಕಷ್ಟಪಡುವ ಮುನ್ನ ವೈದ್ಯರ ಬಳಿ ಹೋಗಿಬರೋಣ ಎನ್ನಿಸುವುದು ಸಹಜ. ಬೆಂಗಳೂರಿನಲ್ಲಿ ಹಾಗಲ್ಲ. ಇಡ್ಲಿ, ಅನ್ನ, ಸಾರು, ಮುದ್ದೆ, ಅಕ್ಕಿರೊಟ್ಟಿ ಹೇಗೂ ಇದ್ದೇ ಇವೆ. ಚಪಾತಿ ಒಂದು ನಿಲ್ಲಿಸಿದರಾಯಿತು, ಯಾರನ್ನೂ ಕೇಳಬೇಕಿಲ್ಲ. ಈ ಅನುಕೂಲವೇ ತೊಡಕಾಗುವುದು ಪರೀಕ್ಷೆಯ ವಿಷಯಕ್ಕೆ ಬಂದಾಗ.

ಸೀಲಿಯಾಕ್ ಪತ್ತೆಗೆ ಮೊದಲ ಹೆಜ್ಜೆ ಟಿಟಿಜಿ-ಐಜಿಎ ಎಂಬ ರಕ್ತಪರೀಕ್ಷೆ. ಕೆಲವರ ದೇಹದಲ್ಲಿ ಐಜಿಎ ಪ್ರತಿಕಾಯವೇ ಕಡಿಮೆ ಇರುವುದರಿಂದ ಒಟ್ಟು ಐಜಿಎ ಪ್ರಮಾಣವನ್ನೂ ಜೊತೆಗೇ ನೋಡಬೇಕು, ಇಲ್ಲವಾದರೆ ಕಾಯಿಲೆ ಇದ್ದೂ ಇಲ್ಲವೆಂಬ ಫಲಿತಾಂಶ ಬರಬಹುದು. ಅದರಲ್ಲಿ ಸುಳಿವು ಸಿಕ್ಕರೆ ಎಂಡೋಸ್ಕೋಪಿ ಮಾಡಿ ಸಣ್ಣ ಕರುಳಿನ ಚೂರು ತೆಗೆದು ಪರೀಕ್ಷಿಸುತ್ತಾರೆ. ಮಕ್ಕಳಲ್ಲಿ ಟಿಟಿಜಿ ಮಟ್ಟ ಮಿತಿಯ ಹತ್ತು ಪಟ್ಟಿಗಿಂತ ಹೆಚ್ಚಿದ್ದರೆ, ಇನ್ನೊಂದು ರಕ್ತಪರೀಕ್ಷೆಯ ಆಧಾರದ ಮೇಲೆ ಚೂರು ತೆಗೆಯದೆಯೂ ನಿರ್ಧರಿಸಬಹುದೆಂದು ಯುರೋಪಿನ ಮಕ್ಕಳ ತಜ್ಞರ 2020ರ ಮಾರ್ಗಸೂಚಿ ಹೇಳುತ್ತದೆ.

ಈ ಪರೀಕ್ಷೆಗಳು ಹುಡುಕುವುದು ಗ್ಲುಟನ್‌ಗೆ ದೇಹ ತೋರುವ ಪ್ರತಿಕ್ರಿಯೆಯನ್ನು. ಗ್ಲುಟನ್ನೇ ಒಳಗೆ ಹೋಗದಿದ್ದರೆ ಪ್ರತಿಕ್ರಿಯೆ ತಣ್ಣಗಾಗುತ್ತದೆ, ಪ್ರತಿಕಾಯ ಇಳಿಯುತ್ತದೆ, ಕರುಳು ನಿಧಾನವಾಗಿ ಮಾಯುತ್ತದೆ. ಆರು ತಿಂಗಳು ಗೋಧಿ ಬಿಟ್ಟವರು ಪರೀಕ್ಷೆ ಮಾಡಿಸಿ ‘ಏನೂ ಇಲ್ಲ’ ಎಂಬ ಚೀಟಿ ತಂದರೆ, ನಿಜಕ್ಕೂ ಇಲ್ಲವೋ, ಇದ್ದದ್ದು ಅಡಗಿದೆಯೋ ಹೇಳಲಾಗುವುದಿಲ್ಲ. ಖಚಿತವಾಗಬೇಕೆಂದರೆ ಮತ್ತೆ ಕೆಲವು ವಾರ ದಿನವೂ ಒಂದೆರಡು ಚಪಾತಿಯಷ್ಟಾದರೂ ಗೋಧಿ ತಿಂದು ಪರೀಕ್ಷೆಗೆ ಹೋಗಬೇಕು. ಬಿಟ್ಟು ಆರಾಮಾಗಿದ್ದವರಿಗೆ ಇದು ಶಿಕ್ಷೆಯೇ ಸರಿ, ಅರ್ಧಕ್ಕೆ ನಿಲ್ಲಿಸುವವರೇ ಹೆಚ್ಚು. ಅಂಥವರಿಗೆ ಇನ್ನೊಂದು ದಾರಿ ಇದೆ: ಎಚ್‌ಎಲ್‌ಎ ವಂಶವಾಹಿ ಪರೀಕ್ಷೆ. ಊಟಕ್ಕೂ ಅದಕ್ಕೂ ಸಂಬಂಧವಿಲ್ಲ. ಎರಡೂ ವಂಶವಾಹಿ ಇಲ್ಲವೆಂದು ಬಂದರೆ ಸೀಲಿಯಾಕ್ ಬಹುತೇಕ ಇಲ್ಲವೆಂದೇ. ಇದೆ ಎಂದು ಬಂದರೆ ಮಾತ್ರ ಏನೂ ಸಾಬೀತಾಗುವುದಿಲ್ಲ.

ದಕ್ಷಿಣ ಭಾರತದ ವೈದ್ಯರಿಗೆ ಇನ್ನೂ ಒಂದು ಎಚ್ಚರ ಬೇಕು. ಜಿಯಾರ್ಡಿಯಾ ಸೋಂಕು, ಉಷ್ಣವಲಯದ ಸ್ಪ್ರೂ ಎಂಬ ಕಾಯಿಲೆಗಳೂ ಕರುಳಿನ ಒಳಪದರವನ್ನು ಸವೆಸುತ್ತವೆ. ಸ್ಪ್ರೂ ಬಗ್ಗೆ ವೆಲ್ಲೂರಿನ ಸಿಎಂಸಿಯಲ್ಲಿ ದಶಕಗಳ ಕಾಲ ಅಧ್ಯಯನ ನಡೆದದ್ದು ಅದು ಇಲ್ಲಿ ಅಷ್ಟು ಕಾಡಿದ್ದರಿಂದಲೇ. ಅವೆರಡಕ್ಕೂ ಔಷಧ ಇದೆ. ಗೋಧಿ ಬಿಟ್ಟರೆ ಅವು ಗುಣವಾಗುವುದಿಲ್ಲ.

ಮನೆಗೇ ಬಂದು ರಕ್ತ ತೆಗೆದುಕೊಂಡು, ನೂರಾರು ಆಹಾರಗಳ ಪಟ್ಟಿಯಲ್ಲಿ ಕೆಂಪು ಹಸಿರು ಬಣ್ಣ ಹಚ್ಚಿಕೊಡುವ ‘ಫುಡ್ ಇನ್‌ಟಾಲರೆನ್ಸ್’ ಪರೀಕ್ಷೆಗಳ ಬಗ್ಗೆ ಒಂದು ಮಾತು. ಅವುಗಳಲ್ಲಿ ಬಹಳಷ್ಟು ಐಜಿಜಿ ಪ್ರತಿಕಾಯವನ್ನು ಅಳೆಯುತ್ತವೆ. ನೀವು ಆಗಾಗ ತಿನ್ನುವ ಪದಾರ್ಥಕ್ಕೆ ಐಜಿಜಿ ಇರುವುದು ಸಹಜ, ಅದು ಕಾಯಿಲೆಯ ಗುರುತಲ್ಲ. ಅಮೆರಿಕ, ಯುರೋಪಿನ ಅಲರ್ಜಿ ತಜ್ಞರ ಸಂಘಗಳು ಇದನ್ನು ಬಳಸಬೇಡಿ ಎಂದು ಎಂದೋ ಹೇಳಿವೆ. ಆ ಹಣಕ್ಕೆ ಒಂದು ಟಿಟಿಜಿ ಪರೀಕ್ಷೆ ಆಗಿ ಇನ್ನೂ ಮಿಗುತ್ತದೆ.

ಚಪಾತಿಯ ಅರವತ್ತನೇ ಒಂದು ಪಾಲು

ಸೀಲಿಯಾಕ್ ಎಂದು ಖಚಿತವಾದರೆ ಬದುಕಿಡೀ ಗ್ಲುಟನ್ ಬಿಡಬೇಕು. ಇದುವರೆಗೆ ಬೇರೆ ಔಷಧವಿಲ್ಲ. ಎಷ್ಟು ಕಟ್ಟುನಿಟ್ಟು ಎಂಬುದಕ್ಕೆ 2007ರ ಒಂದು ಪ್ರಯೋಗದಿಂದ ಅಂದಾಜು ಸಿಗುತ್ತದೆ: ದಿನಕ್ಕೆ 50 ಮಿಲಿಗ್ರಾಂ ಗ್ಲುಟನ್ ಮೂರು ತಿಂಗಳು ಹೊಟ್ಟೆಗೆ ಹೋದರೆ ಕರುಳಿಗೆ ಪೆಟ್ಟು ಕಾಣುತ್ತದೆ. ದಿನಕ್ಕೆ 10 ಮಿಲಿಗ್ರಾಂ ಒಳಗಿದ್ದರೆ ಹೆಚ್ಚಿನವರು ತಡೆದುಕೊಳ್ಳುತ್ತಾರೆ ಎನ್ನುವುದು ತಜ್ಞರ ಸಾಮಾನ್ಯ ಲೆಕ್ಕ. ಒಂದು ಸಾಧಾರಣ ಚಪಾತಿಯಲ್ಲಿ ಸುಮಾರು 3 ಗ್ರಾಂ ಗ್ಲುಟನ್ ಇರುತ್ತದೆ. 50 ಮಿಲಿಗ್ರಾಂ ಎಂದರೆ ಅದರ ಅರವತ್ತನೇ ಒಂದು ಪಾಲು. ಲಟ್ಟಣಿಗೆಗೆ ಮೆತ್ತಿದ ಹಿಟ್ಟೇ ಅಷ್ಟಾದೀತು.

ಪರೀಕ್ಷೆಯಲ್ಲಿ ಸೀಲಿಯಾಕ್ ಇಲ್ಲವೆಂದು ಬಂದವರಿಗೆ ಈ ಲೆಕ್ಕ ಬೇಡವೇ ಬೇಡ. ಅವರಿಗೆ ಎರಡು ಚಪಾತಿಗೆ ಉಬ್ಬರ ಬಂದರೆ ಅರ್ಧ ತಿಂದು ನೋಡಬಹುದು, ಈರುಳ್ಳಿ ಬೆಳ್ಳುಳ್ಳಿ ಕಡಿಮೆ ಮಾಡಿ ನೋಡಬಹುದು, ಹಾಲು ಬಿಟ್ಟು ನೋಡಬಹುದು. ಒಂದೊಂದಾಗಿ, ಕೆಲವು ವಾರ ಬಿಡುವು ಕೊಟ್ಟು. ಹೋಟೆಲಿನಲ್ಲಿ ಸಾಂಬಾರಿಗೆ ಯಾವ ಇಂಗು ಹಾಕಿದಿರಿ ಎಂದು ವಿಚಾರಿಸುವ ಕಷ್ಟ ಅವರಿಗಿಲ್ಲ. ಪರೀಕ್ಷೆ ಮಾಡಿಸದವರು ಎರಡು ತಪ್ಪುಗಳ ನಡುವೆ ಸಿಕ್ಕಿಕೊಳ್ಳುತ್ತಾರೆ: ಕಾಯಿಲೆ ಇಲ್ಲದವರು ಬೇಡದ ಮಡಿ ಹಿಡಿಯುತ್ತಾರೆ, ಕಾಯಿಲೆ ಇದ್ದವರು ಚಪಾತಿ ಬಿಟ್ಟು ಉಪ್ಪಿಟ್ಟು ತಿನ್ನುತ್ತಿರುತ್ತಾರೆ.

ಉಪ್ಪಿಟ್ಟಿನ ಮಾತು ತಮಾಷೆಗೆ ಹೇಳಿದ್ದಲ್ಲ. ರವೆಯೂ ಗೋಧಿಯೇ ಎಂಬುದು ಗೊತ್ತಿದ್ದೂ ನೆನಪಿಗೆ ಬಾರದ ಸಂಗತಿ. ಬಾಂಬೆ ರವೆ, ಬನ್ಸಿ ರವೆ, ಚಿರೋಟಿ ರವೆ ಮೂರೂ ಗೋಧಿಯವು. ಹಾಗಾಗಿ ಚೌಚೌ ಬಾತ್ ತಟ್ಟೆಯ ಎರಡೂ ಬದಿ, ರವೆ ಇಡ್ಲಿ, ರವೆ ದೋಸೆ, ರವೆ ಉಂಡೆ, ಗೋಧಿ ಶಾವಿಗೆಯ ಪಾಯಸ ಎಲ್ಲ ದೂರ. ಇಡ್ಲಿ ರವೆ ಅಕ್ಕಿಯದು, ಅದಕ್ಕೆ ಭಯವಿಲ್ಲ. ಹಾರ್ಲಿಕ್ಸ್‌ನಂಥ ಪೇಯಗಳಲ್ಲಿ ಬಾರ್ಲಿ ಮಾಲ್ಟ್ ಇದೆ, ಬಿಯರಿನಲ್ಲೂ ಬಾರ್ಲಿ. ಮನೆಯಲ್ಲಿ ಕಾಸುವ ರಾಗಿ ಮಾಲ್ಟ್ ಇವುಗಳ ಸಾಲಿಗೆ ಸೇರುವುದಿಲ್ಲ. ಮದ್ದೂರು ವಡೆ, ಗೋಳಿಬಜೆಯಲ್ಲಿ ಮೈದಾ. ಗೋಬಿ ಮಂಚೂರಿಯಲ್ಲಿ ಮೈದಾ, ಮೇಲೆ ಗೋಧಿ ಸೇರಿದ ಸೋಯಾ ಸಾಸ್. ನಿಪ್ಪಟ್ಟು, ಕೋಡುಬಳೆ ಮಾಡುವವರ ಕೈಗುಣದ ಮೇಲೆ.

ಹೆಚ್ಚು ಜನ ಎಡವುವುದು ಇಂಗಿನಲ್ಲಿ. ಅಂಗಡಿಯಲ್ಲಿ ಸಿಗುವ ಪುಡಿ ಇಂಗು ಶುದ್ಧ ಇಂಗಲ್ಲ. ಅದರ ಘಾಟು ತಗ್ಗಿಸಿ ಪುಡಿ ಮಾಡಲು ಗೋಂದು ಮತ್ತು ಹಿಟ್ಟು ಸೇರಿಸುತ್ತಾರೆ, ಆ ಹಿಟ್ಟು ಬಹಳ ಸಲ ಮೈದಾ. ಒಂದು ಪಾತ್ರೆ ಸಾರಿಗೆ ಚಿಟಿಕೆ ಹಾಕಿದರೆ ತಲಾ ಒಬ್ಬರಿಗೆ ಹೋಗುವುದು ಕೆಲವೇ ಮಿಲಿಗ್ರಾಂ ಗ್ಲುಟನ್ ಇರಬಹುದು, ಗಾಬರಿಯಾಗುವಷ್ಟಲ್ಲ. ಆದರೆ ಸಾರು, ಹುಳಿ, ಪಲ್ಯ, ಗೊಜ್ಜು, ಉಪ್ಪಿನಕಾಯಿ, ಸಂಜೆಯ ಚಕ್ಕುಲಿ ಎಲ್ಲದರಲ್ಲೂ ಇಂಗಿರುವ ಮನೆಯಲ್ಲಿ ಚಿಟಿಕೆಗಳು ಕೂಡುತ್ತವೆ, ದಿನಕ್ಕೆ 10 ಮಿಲಿಗ್ರಾಂ ಎಂಬ ಗೆರೆ ದಾಟಲು ಬಹಳ ಬೇಕಿಲ್ಲ. ಅಕ್ಕಿಹಿಟ್ಟು ಬೆರೆಸಿದ ಇಂಗೂ ಮಾರುಕಟ್ಟೆಯಲ್ಲಿದೆ. ಪೊಟ್ಟಣದ ಹಿಂಬದಿ ಓದಿ ಕೊಂಡರೆ ಮುಗಿಯಿತು.

ಗಿರಣಿಯದ್ದು ಇದಕ್ಕಿಂತ ದೊಡ್ಡ ತೊಂದರೆ. ಬಡಾವಣೆಯ ಹಿಟ್ಟಿನ ಗಿರಣಿಯಲ್ಲಿ ನಿಮ್ಮ ಮುಂದಿನವರು ಗೋಧಿ ಬೀಸಿಸಿಕೊಂಡು ಹೋಗಿರುತ್ತಾರೆ. ಕಲ್ಲಿನಲ್ಲಿ, ಬಟ್ಟೆಯ ಚೀಲದಲ್ಲಿ ಉಳಿದ ಗೋಧಿಹಿಟ್ಟು ನಿಮ್ಮ ರಾಗಿಯ ಮೊದಲ ಸೇರಿನೊಂದಿಗೆ ಬರುತ್ತದೆ. ಇಲ್ಲಿ ಲೆಕ್ಕ ಚಿಟಿಕೆಯದಲ್ಲ, ಚಮಚದ್ದು. ಅದೂ ತಾನು ಪೂರ್ತಿ ಸುರಕ್ಷಿತ ಎಂದು ನಂಬಿ ಉಣ್ಣುವ ಮುದ್ದೆಯಲ್ಲಿ. ರಾಗಿ ಮಾತ್ರ ಬೀಸುವ ಗಿರಣಿ ಹತ್ತಿರ ಇದ್ದರೆ ಅದೃಷ್ಟ. ಇಲ್ಲದಿದ್ದರೆ ತೊಳೆದು ಒಣಗಿಸಿದ ಧಾನ್ಯವನ್ನು ಮನೆಯ ಮಿಕ್ಸಿಯಲ್ಲೋ ಸಣ್ಣ ಬೀಸುವ ಯಂತ್ರದಲ್ಲೋ ಪುಡಿ ಮಾಡಿ ಜರಡಿ ಹಿಡಿಯುವುದು ಹೆಚ್ಚು ಭದ್ರ. ಆ ಜರಡಿ, ಕಾವಲಿ, ಮಣೆ ಗೋಧಿ ಮುಟ್ಟಿರಬಾರದು.

ಜಿಗಿ ಇಲ್ಲದ ಹಿಟ್ಟಿನ ಅಡುಗೆ

ಗ್ಲುಟನ್ ಇಲ್ಲದ ಅಡುಗೆಗೆ ಪಶ್ಚಿಮದ ದೇಶಗಳಲ್ಲಿ ಕ್ಸಾಂಥನ್ ಗೋಂದು, ಆಲೂಗಡ್ಡೆ ಪಿಷ್ಟ, ಮರಗೆಣಸಿನ ಪಿಷ್ಟ ಎಂದು ಹುಡುಕಾಡುತ್ತಾರೆ. ಅವರಿಗೆ ಬ್ರೆಡ್ ಬೇಕು. ಬ್ರೆಡ್ಡಿನ ಉಬ್ಬು ನಿಂತಿರುವುದೇ ಗ್ಲುಟನ್ ಮೇಲೆ. ನಮ್ಮ ರೊಟ್ಟಿಗಳಿಗೆ ಆ ಹಂಗಿಲ್ಲ. ಜೋಳದ ರೊಟ್ಟಿಗೆ ಎಸರು ಕುದಿಸಿ ಹಿಟ್ಟಿಗೆ ಹೊಯ್ಯುವುದು ಯಾಕೆ? ಬಿಸಿಗೆ ಹಿಟ್ಟಿನ ಪಿಷ್ಟ ಬೆಂದು ಅಂಟಾಗುತ್ತದೆ, ಗ್ಲುಟನ್ ಮಾಡುವ ಕೆಲಸವನ್ನು ಆ ಅಂಟು ಮಾಡುತ್ತದೆ. ಹಿಗ್ಗುವ ಗುಣ ಮಾತ್ರ ಅದಕ್ಕಿಲ್ಲ, ಆದ್ದರಿಂದಲೇ ಜೋಳದ ರೊಟ್ಟಿಯನ್ನು ಬಡಿಯುತ್ತಾರೆ, ಅಕ್ಕಿರೊಟ್ಟಿಯನ್ನು ತಟ್ಟುತ್ತಾರೆ. ಹಿಟ್ಟು ಹಳತಾದರೆ ಅಂಚು ಬಿರಿಯುತ್ತದೆ. ಸ್ವಲ್ಪ ಸ್ವಲ್ಪವೇ ಬೀಸಿಕೊಳ್ಳುವುದಕ್ಕೆ ಇದೂ ಒಂದು ಕಾರಣ.

ಅಕ್ಕಿರೊಟ್ಟಿ ಆರಿದ ಮೇಲೆ ಗಟ್ಟಿಯಾಗುವುದು ಡಬ್ಬಿಗೆ ಕಟ್ಟುವವರ ತೊಂದರೆ. ಹಿಟ್ಟಿಗೆ ಒಂದು ಹಿಡಿ ಮೆತ್ತಗಿನ ಅನ್ನ ಹಿಸುಕಿ ಸೇರಿಸಿ, ಬಿಸಿನೀರಿನಲ್ಲಿ ಕಲಸಿ, ಸಬ್ಬಸಿಗೆ ಸೊಪ್ಪು, ತೆಂಗಿನ ತುರಿ, ಹಸಿಮೆಣಸು ಹಾಕಿ ಬಾಳೆಎಲೆಯ ಮೇಲೆ ತಟ್ಟಿದರೆ ಮಧ್ಯಾಹ್ನದವರೆಗೂ ಮಡಚಲು ಬರುತ್ತದೆ. ಡಿಸೆಂಬರ್, ಜನವರಿಯಲ್ಲಿ ಅವರೆಕಾಳು ಸೇರಿದರೆ ಬೇರೆ ಪಲ್ಯವೇ ಬೇಡ. ಹಿತಕಿದ ಬೇಳೆ ಸಾರಿಗೆ ಮುದ್ದೆಯೋ ಅಕ್ಕಿರೊಟ್ಟಿಯೋ ಎಂಬ ಜಗಳ ಹಳೆಯದು. ಗ್ಲುಟನ್ ಲೆಕ್ಕದಲ್ಲಿ ಇಬ್ಬರೂ ಗೆದ್ದರು.

ಉಪ್ಪಿಟ್ಟು ಬೇಕೆನಿಸಿದರೆ ಅಕ್ಕಿತರಿ ಇದೆ, ನವಣೆ ಇದೆ. ನವಣೆಯನ್ನು ಹುರಿದು, ಒಂದಕ್ಕೆ ಎರಡರಿಂದ ಎರಡೂವರೆ ಅಳತೆ ನೀರಿಟ್ಟು ಮುಚ್ಚಿ ಬೇಯಿಸಿದರೆ ಉದುರುದುರಾಗಿ ಬರುತ್ತದೆ. ಕೇಸರಿಬಾತಿನ ಆಸೆಗೆ ಅವಲಕ್ಕಿಯನ್ನು ತರಿತರಿಯಾಗಿ ಪುಡಿ ಮಾಡಿ ತುಪ್ಪದಲ್ಲಿ ಹುರಿದು ಮಾಡಬಹುದು. ಒತ್ತು ಶಾವಿಗೆ, ಪಡ್ಡು, ನೀರುದೋಸೆ, ನುಚ್ಚಿನುಂಡೆ, ಪೊಂಗಲ್, ತಂಬಿಟ್ಟು ಎಲ್ಲವೂ ಇದ್ದ ಹಾಗೇ ನಡೆಯುತ್ತವೆ. ಜ್ವರ ಬಿಟ್ಟ ದಿನದ ಮೆಣಸಿನ ಸಾರು ಅನ್ನಕ್ಕೆ ಇಂಗು ಬದಲಿಸಿದರೆ ಸಾಕು.

ಸೋಲೊಪ್ಪಿಕೊಳ್ಳಬೇಕಾದದ್ದು ಹೋಳಿಗೆಯಲ್ಲಿ. ಹೂರಣವನ್ನು ಒಡಲಲ್ಲಿಟ್ಟುಕೊಂಡು ಕಾಗದದಷ್ಟು ತೆಳ್ಳಗೆ ಹಿಗ್ಗುವ ಕಣಕ ಗ್ಲುಟನ್ ಇಲ್ಲದೆ ಆಗುವುದಿಲ್ಲ. ಇಸಬ್‌ಗೋಲ್ ಹೊಟ್ಟು ಸೇರಿಸಿದ ಅಕ್ಕಿಹಿಟ್ಟಿನಲ್ಲಿ ದಪ್ಪನೆಯದೊಂದು ಆಗುತ್ತದೆ, ಹೋಳಿಗೆ ತಿಂದವರು ಅದನ್ನು ಹೋಳಿಗೆ ಎನ್ನಲಾರರು. ಅದೇ ಹೂರಣವನ್ನು ಅಕ್ಕಿಹಿಟ್ಟಿನ ಕಡುಬಿನಲ್ಲಿ ತುಂಬಿ ಹಬೆಯಲ್ಲಿ ಬೇಯಿಸಿದರೆ ಯುಗಾದಿಗೆ ನ್ಯಾಯ ಸಿಗುತ್ತದೆ.

ಪೊಟ್ಟಣದ ಮಾತು, ಹೋಟೆಲಿನ ಮೌನ

ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದಂತೆ ‘ಗ್ಲುಟನ್ ಫ್ರೀ’ ಎಂದು ಬರೆಯಬೇಕಾದರೆ ಕಿಲೋಗೆ 20 ಮಿಲಿಗ್ರಾಂ ಮೀರಬಾರದು. ಅಂತರರಾಷ್ಟ್ರೀಯ ಮಿತಿಯೂ ಅಷ್ಟೇ. ಸೀಲಿಯಾಕ್ ಇದ್ದವರಿಗೆ ಈ ಗುರುತು ಉಪಯೋಗಕ್ಕೆ ಬರುವುದು ರಾಗಿಹಿಟ್ಟು, ಜೋಳದ ಹಿಟ್ಟು, ಇಂಗು, ಓಟ್ಸ್‌ನಂಥ ಪದಾರ್ಥಗಳಲ್ಲಿ, ಗೋಧಿ ಬೆರೆತಿಲ್ಲವೆಂಬ ಖಾತರಿಗೆ. ಬಿಸ್ಕತ್ತು, ಕೇಕುಗಳಲ್ಲಿ ಅದರರ್ಥ ಗೋಧಿ ಇಲ್ಲ ಎಂದಷ್ಟೆ. ಸಕ್ಕರೆ, ಕೊಬ್ಬು, ಬಿಳಿ ಪಿಷ್ಟ ಎಂದಿನಂತೆ. ತಿರುವು ಮುರುವು ಸಂಗತಿಯೂ ಇದೆ: ರಾಗಿ ಬಿಸ್ಕತ್ತು, ಮಿಲೆಟ್ ಬ್ರೆಡ್, ನವಣೆ ಶಾವಿಗೆ ಎಂಬ ಹೆಸರಿನ ಪೊಟ್ಟಣಗಳಲ್ಲಿ ಗೋಧಿ ಅಥವಾ ಮೈದಾ ಇರುವುದು ಸಾಮಾನ್ಯ. 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿದ ಮೇಲೆ ಇಂಥ ಪೊಟ್ಟಣಗಳು ಹೆಚ್ಚಿವೆ. ಮುಂಬದಿಯ ಚಿತ್ರ ಬಿಟ್ಟು ಹಿಂಬದಿಯ ಪಟ್ಟಿ ನೋಡಬೇಕು.

ಹೋಟೆಲುಗಳ ವಿಷಯದಲ್ಲಿ ಕಾನೂನು ಅರ್ಧದಾರಿಯಲ್ಲಿ ನಿಂತಿದೆ. 2020ರ ಲೇಬಲ್ ನಿಯಮಗಳು ಕೇಂದ್ರ ಪರವಾನಗಿ ಪಡೆದ, ಇಲ್ಲವೇ ಹತ್ತು ಅಥವಾ ಹೆಚ್ಚು ಕಡೆ ಶಾಖೆಯಿರುವ ಹೋಟೆಲುಗಳು ಅಲರ್ಜಿ ತರುವ ಪದಾರ್ಥಗಳ ಮಾಹಿತಿ ಕೊಡಬೇಕು ಎನ್ನುತ್ತವೆ. ಬೆಂಗಳೂರು ನಿಂತು ತಿನ್ನುವ ದರ್ಶಿನಿಗಳು, ಖಾನಾವಳಿಗಳು ಬಹುಪಾಲು ಈ ಲೆಕ್ಕದ ಹೊರಗೆ. ಅಲ್ಲಿ ಇಡ್ಲಿ ಹೆಚ್ಚುಕಡಿಮೆ ಭದ್ರ. ದೋಸೆ ಹಿಟ್ಟಿಗೆ ಗರಿಗರಿಯಾಗಲೆಂದು ಚಿರೋಟಿ ರವೆ ಸೇರಿರಬಹುದು, ರವೆ ದೋಸೆ ಹೊಯ್ದ ಕಾವಲಿಯಲ್ಲೇ ಮಸಾಲೆ ದೋಸೆ ಬರುತ್ತದೆ, ಪೂರಿ ಕರಿದ ಎಣ್ಣೆಯಲ್ಲೇ ವಡೆ. ಖಾನಾವಳಿಯ ಜೋಳದ ರೊಟ್ಟಿಗೆ ಗೋಧಿಹಿಟ್ಟು ಬೆರೆತಿದೆಯೇ ಎಂದು ಒಳಗೆ ಬಡಿಯುವವರನ್ನೇ ಕೇಳಬೇಕು.

ಮನೆಮಂದಿಯ ಪರೀಕ್ಷೆ

ಗ್ಲುಟನ್ ಬಿಟ್ಟವರು ಬರೀ ಅನ್ನದ ಮೇಲೆ ನಿಂತರೆ ನಾರಿನಂಶ ಇಳಿಯುತ್ತದೆ, ಸಕ್ಕರೆ ಕಾಯಿಲೆ ಇದ್ದವರಿಗೆ ಅದು ಇನ್ನೊಂದು ತಾಪತ್ರಯ. ರಾಗಿಯಲ್ಲಿ 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ ಸುಣ್ಣದಂಶ ಇದೆ, ಮೊಳಕೆ ಕಟ್ಟಿ ಒಣಗಿಸಿ ಬೀಸಿದರೆ ದೇಹಕ್ಕೆ ಹೆಚ್ಚು ದಕ್ಕುತ್ತದೆ. ಸವೆದ ಕರುಳಿನಿಂದ ಮೂಳೆ ಸೊರಗಿದವರಿಗೆ ಇದಕ್ಕಿಂತ ಅಗ್ಗದ ನೆರವಿಲ್ಲ. ಕಟ್ಟುನಿಟ್ಟಾಗಿ ನಡೆದರೆ ಟಿಟಿಜಿ ಮಟ್ಟ ಕ್ರಮೇಣ ಇಳಿಯುತ್ತದೆ. ಆರು ತಿಂಗಳು, ವರ್ಷದ ಮೇಲೆ ಮತ್ತೆ ಪರೀಕ್ಷಿಸಿದಾಗ ಇಳಿಯದಿದ್ದರೆ ಎಲ್ಲಿಂದಲೋ ಗ್ಲುಟನ್ ನುಸುಳುತ್ತಿದೆ ಎಂದು ಗಿರಣಿಯಿಂದ ಹಿಡಿದು ಹುಡುಕಬೇಕು.

ಸೀಲಿಯಾಕ್ ಇದ್ದವರ ಒಡಹುಟ್ಟಿದವರು, ಮಕ್ಕಳು, ಹೆತ್ತವರಲ್ಲಿ ಹತ್ತರಲ್ಲಿ ಒಬ್ಬರಿಗೆ ಅದು ಇರುವ ಸಾಧ್ಯತೆ ಇದೆ, ಲಕ್ಷಣವಿಲ್ಲದೆಯೂ. ಆದ್ದರಿಂದ ಅವರಿಗೂ ರಕ್ತಪರೀಕ್ಷೆ ಮಾಡಿಸಿ ಎನ್ನುತ್ತಾರೆ ವೈದ್ಯರು. ಒಬ್ಬರಿಗೋಸ್ಕರ ಮನೆಯಿಂದಲೇ ಗೋಧಿಯನ್ನು ಓಡಿಸುವುದು ಅಡುಗೆ ಮಾಡುವವರಿಗೆ ಅನುಕೂಲ, ಬೆರಕೆಯ ಭಯವೂ ತಪ್ಪುತ್ತದೆ. ಆದರೆ ಅದಾಗಿ ಕೆಲವು ತಿಂಗಳ ಮೇಲೆ ಮಕ್ಕಳ ರಕ್ತ ಕೊಟ್ಟರೆ ಆ ಫಲಿತಾಂಶವನ್ನು ನಂಬುವಂತಿಲ್ಲ. ಮಕ್ಕಳ ಪರೀಕ್ಷೆ ಮುಗಿದು ವರದಿ ಕೈಗೆ ಬರುವವರೆಗೆ ಅವರ ಶಾಲೆಯ ಡಬ್ಬಿಗೆ ಚಪಾತಿ ಹೋಗುತ್ತಿರಲಿ. ಬೇರೆ ಮಣೆ, ಬೇರೆ ಕಾವಲಿಯಲ್ಲಿ.